ಕಲಾದಗಿ ದಾರಿಯ ಸಂಜೆ: ಬಿಸಿಲಿಗೆ ತಾನಾಗಿ ಕಪ್ಪಾಗುವ ಹೆಲ್ಮೆಟ್ ವೈಸರ್ ಕುರಿತ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿಗೆ ಆಗ 46 ವರ್ಷ. ಮನೆ ಲೋಕಾಪುರದಲ್ಲಿ, ಕಚೇರಿ ಬಾಗಲಕೋಟೆಯ ನವನಗರದಲ್ಲಿ. ನಡುವಿನ ಸುಮಾರು 40 ಕಿಲೋಮೀಟರ್ ದಾರಿಯನ್ನು ಅವರು ಹದಿನಾಲ್ಕು ವರ್ಷಗಳಿಂದ ಬೈಕಿನ ಮೇಲೆಯೇ ಓಡಾಡುತ್ತಿದ್ದರು. ಬಾಗಲಕೋಟೆಯಲ್ಲಿ ಕಣ್ಣಿನ ನಂಬರು ಪರೀಕ್ಷಿಸಿ ಕನ್ನಡಕ ಮಾಡಿಕೊಡುವ ನನ್ನ ಅಂಗಡಿಗೆ ಅವರು ಮೊದಲ ಬಾರಿ ಬಂದದ್ದು ಒಂದು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ. ಹೇಳಿದ ದೂರು ಒಂದೇ: "ಸಂಜಿ ಮನಿಗೆ ಹೋಗುವಾಗ ಮುಂದಿಂದು ಏನೂ ಕಾಣಂಗಿಲ್ರಿ, ಎಲ್ಲಾ ಬೆಳ್ಳಗ ಆಗಿಬಿಡತೈತಿ." ಮುಂಜಾನೆ ಬರುವಾಗ ಈ ತೊಂದರೆ ಇರಲಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿಯೂ ಇರಲಿಲ್ಲ. ಸಂಜೆ ಐದೂವರೆಯಿಂದ ಆರೂವರೆಯವರೆಗಿನ ಒಂದು ಗಂಟೆ ಮಾತ್ರ ಅವರಿಗೆ ಸಂಕಟದ ಹೊತ್ತಾಗಿತ್ತು.

ಆ ದಿನ ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಹೆಲ್ಮೆಟ್ ತೋರಿಸಿ ಎಂದು ಹೇಳಲಿಲ್ಲ. ದೂರದ ನಂಬರು ಸ್ವಲ್ಪ ಬದಲಾಗಿತ್ತು, ಕಣ್ಣಿನ ಅಸಮ ವಕ್ರತೆಯ ದೋಷಕ್ಕೆ ಕೊಡುವ ಸಿಲಿಂಡರ್ ನಂಬರು ಕೂಡ ಸಣ್ಣ ಪ್ರಮಾಣದಲ್ಲಿ ಇತ್ತು. ಅದನ್ನು ಸರಿಪಡಿಸಿ, ಬಿಸಿಲಿಗೆ ಕಪ್ಪಾಗುವ ಗಾಜು ಹಾಕಿಸಿಕೊಳ್ಳಿ, ಬಿಸಿಲಿನ ತೊಂದರೆ ಅದರಿಂದ ಕಡಿಮೆಯಾಗುತ್ತದೆ ಎಂದು ಸಲಹೆ ಕೊಟ್ಟೆ. ನಮ್ಮ ಕಡೆ ಇದನ್ನು ಜನ ಡೇ-ನೈಟ್ ಗ್ಲಾಸು ಎಂದು ಕರೆಯುತ್ತಾರೆ. ಅವರು ಒಪ್ಪಿ, ಕಡಿಮೆಯಲ್ಲದ ಹಣ ಕೊಟ್ಟು ಮಾಡಿಸಿಕೊಂಡರು. ಹತ್ತು ದಿನಗಳ ನಂತರ ತಿರುಗಿ ಬಂದು, ಕಚೇರಿಯ ಅಂಗಳದಲ್ಲಿ ನಿಂತರೆ ಚೆನ್ನಾಗಿ ಕಪ್ಪಾಗುವ ಗಾಜು ಬೈಕಿನ ಮೇಲೆ ಕೂತರೆ ಕಪ್ಪಾಗುವುದೇ ಇಲ್ಲ ಎಂದರು. ಗಾಜಿನಲ್ಲಿ ದೋಷವಿರಬಹುದು ಎಂಬುದು ಅವರ ಸಂಶಯ.

ಗಾಜಿನಲ್ಲಿ ದೋಷವಿರಲಿಲ್ಲ. ಇಂಥ ಗಾಜು ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವುದಿಲ್ಲ. ಅದು ಸ್ಪಂದಿಸುವುದು ಮುಖ್ಯವಾಗಿ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ, ಅಂದರೆ 400 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಯುವಿ ಕಿರಣಕ್ಕೆ. ಹೆಲ್ಮೆಟ್ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಮುಚ್ಚಳ, ತಯಾರಾಗುವುದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನಿಂದ, ಮತ್ತು ಪಾಲಿಕಾರ್ಬನೇಟ್ ಬಣ್ಣವಿಲ್ಲದೆ ಪಾರದರ್ಶಕವಾಗಿದ್ದರೂ ಆ ಕಿರಣದ ಬಹುಭಾಗವನ್ನು ತಾನೇ ಹೀರಿಬಿಡುತ್ತದೆ. ಇಂಥ ಗಾಜನ್ನು ಗಿರಾಕಿಗಳಿಗೆ ತೋರಿಸಲು ನಮ್ಮ ಅಂಗಡಿಗಳಲ್ಲಿ ಒಂದು ಸಣ್ಣ ಯುವಿ ಟಾರ್ಚ್ ಇರುತ್ತದೆ. ಅವರ ಎದುರೇ ಕನ್ನಡಕದ ಮೇಲೆ ಟಾರ್ಚ್ ಬಿಟ್ಟಾಗ ಅರ್ಧ ನಿಮಿಷದೊಳಗೆ ಕಪ್ಪು ಚುಕ್ಕೆ ಮೂಡಿತು. ನಡುವೆ ಅವರ ಹೆಲ್ಮೆಟ್ಟಿನ ವೈಸರ್ ಹಿಡಿದು ಬಿಟ್ಟಾಗ ಏನೂ ಮೂಡಲಿಲ್ಲ. ಕಾರಿನ ಮುಂಗಾಜಿನ ಹಿಂದೆ ಇಂಥ ಕನ್ನಡಕ ಕಪ್ಪಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಕಾರು ಇರುವವರಿಗೆ ಹೇಳುತ್ತಲೂ ಇದ್ದೆ. ಆದರೆ ಬಾಗಲಕೋಟೆಯಲ್ಲಿ ನನ್ನ ಬಳಿ ಬರುವ ಹತ್ತು ಜನರಲ್ಲಿ ಏಳೆಂಟು ಜನ ಓಡಿಸುವುದು ದ್ವಿಚಕ್ರ ವಾಹನವನ್ನು, ಮತ್ತು ಅದೇ ಮಾತು ಹೆಲ್ಮೆಟ್ಟಿಗೂ ಅನ್ವಯಿಸುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಡೇ-ನೈಟ್ ಗಾಜು ಕೇಳಿದ ಪ್ರತಿಯೊಬ್ಬರಿಗೂ ಮೊದಲು ಕೇಳುವ ಪ್ರಶ್ನೆ, ಬೈಕ್ ಓಡಿಸುತ್ತೀರಾ, ವೈಸರ್ ಮುಚ್ಚಿ ಓಡಿಸುತ್ತೀರಾ ಎಂಬುದು.

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಆದರೆ ಮುಂದಿನ ಉಪಾಯವನ್ನು ತಾವೇ ಮಾಡಿಕೊಂಡರು. ರಸ್ತೆ ಬದಿಯಲ್ಲಿ ಹೆಲ್ಮೆಟ್ ಮಾರುವವರಿಂದ ಗಾಢ ಕಪ್ಪು ಬಣ್ಣದ, ಸ್ಮೋಕ್ ಎಂದು ಕರೆಯುವ ವೈಸರ್ ತಂದು ಹಾಕಿಸಿಕೊಂಡರು. ಅದು ನನಗೆ ತಿಳಿದದ್ದು ಫೆಬ್ರುವರಿಯಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕೋಲೊಂದರ ಆಸರೆಯಲ್ಲಿ ಅವರು ಮೂರನೆಯ ಬಾರಿ ಅಂಗಡಿಯ ಮೆಟ್ಟಿಲು ಹತ್ತಿದಾಗ.

ನಡೆದದ್ದು ಹೀಗೆ. ಅಂದು ಕಚೇರಿಯಿಂದ ಹೊರಟಾಗ ಆರು ಗಂಟೆಯಾಗಿತ್ತು. ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿಯವರೆಗೂ ಸೂರ್ಯನನ್ನು ಎದುರಿಗಿಟ್ಟುಕೊಂಡೇ ಬಂದಿದ್ದರು, ಕಪ್ಪು ವೈಸರ್ ಇದ್ದುದರಿಂದ ಕಣ್ಣಿಗೆ ಹಿತವೂ ಆಗಿತ್ತು. ಕಲಾದಗಿ ದಾಟಿದ ಮೇಲೆ ಹೊತ್ತು ಮುಳುಗಿತು. ವೈಸರ್ ಎತ್ತಬೇಕೆಂದು ಅನಿಸಿತ್ತಂತೆ, ಆದರೆ ಮುಂದೆ ಹೋಗುತ್ತಿದ್ದ ಸಿಮೆಂಟ್ ಲಾರಿಯ ಧೂಳು ಕಣ್ಣಿಗೆ ಬೀಳುತ್ತಿದ್ದ ಕಾರಣ ಎತ್ತಲಿಲ್ಲ. ಲಾರಿಯನ್ನು ದಾಟಿ ಐದು ನಿಮಿಷವಾಗಿರಬೇಕು, ಕಬ್ಬು ತುಂಬಿದ ಎರಡು ಟ್ರೇಲರ್‌ಗಳ ಟ್ರ್ಯಾಕ್ಟರ್ ಒಂದು ರಸ್ತೆಯ ಎಡಭಾಗದಲ್ಲಿ ಕೆಟ್ಟು ನಿಂತಿತ್ತು. ಹಿಂದೆ ದೀಪವಿಲ್ಲ, ಮಿಂಚುಪಟ್ಟಿ ಇಲ್ಲ, ಟೈರಿಗೆ ಅಡ್ಡ ಇಟ್ಟ ಒಂದು ಕಲ್ಲು ಮಾತ್ರ. ಅವರಿಗೆ ಕಂಡದ್ದು ಕಬ್ಬಿನ ಜೊಂಡಿಗೆ ಕೈ ಚಾಚಿದರೆ ತಾಗುವಷ್ಟು ಹತ್ತಿರ ಬಂದಾಗ. ಬ್ರೇಕ್ ಹಿಡಿದರು, ಹಿಂದಿನ ಗಾಲಿ ಜಾರಿತು, ಬೈಕಿನೊಂದಿಗೆ ಬಲಕ್ಕೆ ಉರುಳಿದರು. ಆ ಕ್ಷಣದಲ್ಲಿ ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ.

ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಸಂಜೆಯ ರಸ್ತೆಯನ್ನು ಬಲ್ಲ ಯಾರಿಗೂ ಈ ಚಿತ್ರ ಹೊಸದಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಇಂಥ ಟ್ರೇಲರ್‌ಗಳು ಎಲ್ಲ ದಾರಿಗಳಲ್ಲಿಯೂ ಇರುತ್ತವೆ, ಮತ್ತು ಅವುಗಳಿಗೆ ಮಿಂಚುಪಟ್ಟಿ ಅಂಟಿಸುವ ಕೆಲಸ ಎಷ್ಟು ನಡೆದರೂ ಸಾಲದು. ಆದರೂ ಈ ಪ್ರಕರಣದಲ್ಲಿ ಟ್ರೇಲರಿನ ತಪ್ಪಿನ ಜೊತೆಗೆ ಇನ್ನೊಂದು ಕಾರಣ ಸೇರಿತ್ತು, ಮತ್ತು ಅದು ನನ್ನ ಕಸುಬಿಗೆ ಸಂಬಂಧಿಸಿದ್ದು.

ಗಾಢ ಸ್ಮೋಕ್ ವೈಸರ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಮಾತ್ರ ಒಳಗೆ ಬಿಡುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಹೆಲ್ಮೆಟ್ ನಿಯಮ 22ರ 05ನೆಯ ತಿದ್ದುಪಡಿ ಸರಣಿ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಹಗಲು ರಾತ್ರಿ ಎರಡಕ್ಕೂ ಬಳಸುವ ವೈಸರ್ ಕನಿಷ್ಠ ಶೇ 80ರಷ್ಟು ಬೆಳಕನ್ನು ಬಿಡಬೇಕು, ಶೇ 50ರಿಂದ 80ರ ನಡುವಿನದಕ್ಕೆ ಹಗಲು ಬಳಕೆಗೆ ಮಾತ್ರ ಎಂಬ ಗುರುತು ಇರಬೇಕು. ತಂಪು ಕನ್ನಡಕಗಳ ಅಂತರರಾಷ್ಟ್ರೀಯ ಮಾನದಂಡವೂ ಶೇ 75ಕ್ಕಿಂತ ಕಡಿಮೆ ಬೆಳಕು ಬಿಡುವ ಗಾಜನ್ನು ರಾತ್ರಿ ವಾಹನ ಚಾಲನೆಗೆ ಯೋಗ್ಯವಲ್ಲ ಎಂದೇ ಹೇಳುತ್ತದೆ. ನಮ್ಮ ಗೆಳೆಯರ ಕಣ್ಣಿಗೆ ಆ ಸಂಜೆ ಸಿಕ್ಕದ್ದು, ಕನ್ನಡಕದ ಗಾಜಿನ ನಷ್ಟವನ್ನೂ ಸೇರಿಸಿದರೆ, ಶೇ 18ರಷ್ಟು. ಇದಲ್ಲದೆ ಅರ್ಧ ಗಂಟೆಯ ಕಾಲ ಸೂರ್ಯನನ್ನೇ ನೋಡುತ್ತ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಡುತ್ತದೆ. ಅಕ್ಷಿಪಟದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಪೂರ್ತಿ ಸಿದ್ಧವಾಗಲು 20ರಿಂದ 30 ನಿಮಿಷ ಹಿಡಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲಿನ ಮಬ್ಬು ಬೆಳಕು ಇರುವುದೇ ಇಪ್ಪತ್ತು ನಿಮಿಷದ ಆಸುಪಾಸು. ಅಂದರೆ ಕಣ್ಣು ಸಿದ್ಧವಾಗುವ ಹೊತ್ತಿಗೆ ರಸ್ತೆ ಕತ್ತಲಾಗಿರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಮೂವತ್ತು ಮೀಟರ್ ದೂರದಲ್ಲಿ ಕಂಡ ವಸ್ತುವಿಗೆ ಎರಡು ಸೆಕೆಂಡು ಮಾತ್ರ ಉಳಿಯುತ್ತದೆ, ಅದರಲ್ಲಿ ಒಂದು ಸೆಕೆಂಡು ಕೈ ಬ್ರೇಕಿಗೆ ಹೋಗುವುದರಲ್ಲಿಯೇ ಮುಗಿಯುತ್ತದೆ.

ಈ ಬಾರಿ ಹೆಲ್ಮೆಟ್ಟನ್ನೂ, ತೆಗೆದಿಟ್ಟಿದ್ದ ಹಳೆಯ ಬಿಳಿ, ಅಂದರೆ ಬಣ್ಣವಿಲ್ಲದ, ವೈಸರನ್ನೂ ತರಿಸಿಕೊಂಡೆ. ಹಳೆಯ ವೈಸರನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಾಗ ಮೊದಲ ದೂರಿಗೆ ಉತ್ತರ ಸಿಕ್ಕಿತು. ಅದರ ಮೈಯೆಲ್ಲ ಕೂದಲೆಳೆಯಂಥ ಗೀರುಗಳು, ಒಂದರ ಮೇಲೊಂದು, ಒರೆಸಿದ ಕೈಯ ಓಟವನ್ನೇ ಅನುಸರಿಸಿ ಬಾಗಿದವು. ಲೋಕಾಪುರದ ಸುತ್ತ ಸುಣ್ಣದಕಲ್ಲಿನ ಗಣಿಗಳು, ಸಿಮೆಂಟ್ ಲಾರಿಗಳ ಸಾಲು. ವೈಸರಿನ ಮೇಲೆ ದಿನವೂ ಕೂರುತ್ತಿದ್ದ ಆ ಪುಡಿಯನ್ನು ಅವರು ಬೆಳಿಗ್ಗೆ ಬೈಕಿನ ಒಣ ಬಟ್ಟೆಯಿಂದ ಒರೆಸಿಕೊಂಡು ಹೊರಡುತ್ತಿದ್ದರು. ಪಾಲಿಕಾರ್ಬನೇಟ್ ಪೆಟ್ಟನ್ನು ತಾಳುತ್ತದೆ, ಆದರೆ ಅದರ ಮೈ ಮೃದು. ಮೇಲಿನ ಗಟ್ಟಿ ಲೇಪ ಹೋದ ಮೇಲೆ ಒಣ ಧೂಳಿನ ಒಂದೊಂದು ಕಣವೂ ಅದನ್ನು ಕೆರೆಯುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಗೀರುಗಳು ಕಾಣುವುದೇ ಇಲ್ಲ. ಸೂರ್ಯ ಕೆಳಗಿಳಿದು ನೇರವಾಗಿ ವೈಸರಿಗೆ ಬಡಿದಾಗ ಪ್ರತಿಯೊಂದು ಗೀರೂ ಬೆಳಕನ್ನು ಚೆದುರಿಸಿ, ರಸ್ತೆಗೂ ಕಣ್ಣಿಗೂ ನಡುವೆ ಬಿಳಿಯ ಮುಸುಕೊಂದನ್ನು ಎಳೆಯುತ್ತದೆ. ಅವರು ಹೇಳಿದ "ಎಲ್ಲಾ ಬೆಳ್ಳಗ" ಎಂಬುದು ಅಕ್ಷರಶಃ ನಿಜವಾಗಿತ್ತು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಪ್ಪು ವೈಸರ್ ಕೊಳ್ಳುವ ಹೆಚ್ಚಿನವರು ಎಡವುವುದು ಇಲ್ಲಿಯೇ. ಗೀರಿನಿಂದ ಹುಟ್ಟಿದ ಮುಸುಕನ್ನು ಬಣ್ಣ ತೆಗೆಯಲಾರದು. ಕಪ್ಪು ಬಣ್ಣ ಮುಸುಕಿನ ಬೆಳಕನ್ನು ಎಷ್ಟು ಪಾಲು ತಗ್ಗಿಸುತ್ತದೆಯೋ ಅಷ್ಟೇ ಪಾಲು ರಸ್ತೆಯಿಂದ ಬರುವ ಬೆಳಕನ್ನೂ ತಗ್ಗಿಸುತ್ತದೆ. ಎರಡರ ನಡುವಿನ ಅನುಪಾತ ಹಾಗೆಯೇ ಉಳಿಯುತ್ತದೆ. ಕಣ್ಣಿಗೆ ಹಿತವಾಗುತ್ತದೆ, ಆದರೆ ಕಾಣದಿದ್ದದ್ದು ಕಾಣತೊಡಗುವುದಿಲ್ಲ. ಹಿತವನ್ನೇ ದೃಷ್ಟಿ ಎಂದು ನಂಬಿ ವೇಗ ಹೆಚ್ಚಿಸುವುದು ಅತ್ಯಂತ ಅಪಾಯದ ಸ್ಥಿತಿ. ಇವರಿಗೆ ಸ್ಮೋಕ್ ವೈಸರಿನಿಂದ ಅನುಕೂಲವಾದಂತೆ ಕಂಡದ್ದರಲ್ಲಿ ಬಣ್ಣದ ಪಾಲು ಎಷ್ಟು, ಅದು ಗೀರಿಲ್ಲದ ಹೊಸ ವೈಸರ್ ಆಗಿದ್ದುದರ ಪಾಲು ಎಷ್ಟು ಎಂದು ಕೇಳಿದರೆ, ಹೊಸತನದ ಪಾಲೇ ದೊಡ್ಡದು ಎಂದು ನಾನು ಹೇಳುತ್ತೇನೆ.

ಹೊಸ ವೈಸರಿನ ಮಾತೆತ್ತುವ ಮೊದಲು ಅವರನ್ನು ಕಣ್ಣಿನ ವೈದ್ಯರ ಬಳಿ ಕಳಿಸಿದೆ. ನಲವತ್ತೈದು ದಾಟಿದವರಿಗೆ ಬೆಳಕು ಕಣ್ಣು ಕುಕ್ಕುವುದು ಕಣ್ಣಿನ ಪೊರೆಯ ಮೊದಲ ಲಕ್ಷಣವೂ ಆಗಿರಬಹುದು. ಪೊರೆಯ ಒಂದು ಬಗೆಯಲ್ಲಿ ಮಂದ ಬೆಳಕಿಗಿಂತ ಪ್ರಖರ ಬೆಳಕಿನಲ್ಲಿಯೇ ದೃಷ್ಟಿ ಹೆಚ್ಚು ಕೆಡುತ್ತದೆ. ಪೊರೆ ಇರಲಿಲ್ಲ. ವರ್ಷಗಟ್ಟಲೆ ಆಗಾಗ ವೈಸರ್ ಎತ್ತಿಕೊಂಡು ಗಾಳಿಗೆ ಓಡಿಸಿದ್ದರಿಂದ ಕಣ್ಣು ಒಣಗಿತ್ತು, ಅದಕ್ಕೆ ಹನಿ ಔಷಧ ಕೊಟ್ಟರು.

ನಂತರ ಅವರೇ ಕೇಳಿದರು, ಕನ್ನಡಕದ ಹಾಗೆ ತಾನಾಗಿ ಕಪ್ಪಾಗಿ ತಾನಾಗಿ ಬಿಳಿಯಾಗುವ ವೈಸರ್ ಇಲ್ಲವೇ ಎಂದು. ಇದೆ. ಶೋಯಿ, ಬೆಲ್ ಮುಂತಾದ ಹೆಲ್ಮೆಟ್ ತಯಾರಕರು ಕನ್ನಡಕದ ಗಾಜುಗಳಿಗೆ ಹೆಸರಾದ ಟ್ರಾನ್ಸಿಷನ್ಸ್ ತಂತ್ರದಿಂದಲೇ ಅಂಥ ವೈಸರ್ ಮಾಡಿ ಮಾರಿದ್ದಾರೆ. ಬೇರೆ ತಯಾರಕರದೂ ಇವೆ. ಬೆಲೆ ಮಾತ್ರ ನಮ್ಮಲ್ಲಿ ಜನ ದಿನಬಳಕೆಗೆ ಕೊಳ್ಳುವ ಐಎಸ್‌ಐ ಗುರುತಿನ ಹೆಲ್ಮೆಟ್ ಒಂದಕ್ಕಿಂತ ಹೆಚ್ಚು, ಮತ್ತು ಒಂದು ಮಾದರಿಯ ವೈಸರ್ ಇನ್ನೊಂದು ಹೆಲ್ಮೆಟ್ಟಿನ ತಿರುಗಣೆಗೆ ಕೂರುವುದಿಲ್ಲ. ಬಿದ್ದ ಪೆಟ್ಟಿಗೆ ಇವರ ಹೆಲ್ಮೆಟ್ಟಿನ ಬಲಭಾಗ ಉಜ್ಜಿಹೋಗಿತ್ತು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು, ಅದರ ಒಳಗಿನ ಥರ್ಮಾಕೋಲ್ ಪದರ ಕುಗ್ಗಿ ಪೆಟ್ಟು ಹೀರುವ ಗುಣ ಕಳೆದುಕೊಂಡಿರುತ್ತದೆ. ಹಾಗಾಗಿ ಹೆಲ್ಮೆಟ್ಟನ್ನೇ ಬದಲಿಸಬೇಕಾಗಿತ್ತು, ಮತ್ತು ಅದಕ್ಕೆ ಸರಿಹೊಂದುವ ಫೋಟೋಕ್ರೋಮಿಕ್, ಅಂದರೆ ಬಿಸಿಲಿಗೆ ತಾನಾಗಿ ಕಪ್ಪಾಗುವ, ವೈಸರನ್ನು ಅದೇ ತಯಾರಕರಿಂದ ತರಿಸಲು ಸಾಧ್ಯವಾಯಿತು. ಒಂದು ವರ್ಷ ಇದನ್ನು ಬಳಸಿ, ಆಗಾಗ ನನ್ನ ಅಂಗಡಿಗೆ ತಂದು ತೋರಿಸಬೇಕೆಂದು ಕೇಳಿಕೊಂಡೆ. ಅವರು ಆ ಮಾತನ್ನು ನಡೆಸಿಕೊಟ್ಟದ್ದರಿಂದ ಈ ಬರಹ ಸಾಧ್ಯವಾಗಿದೆ.

ಮುಂದಿನ ಫಲಿತಾಂಶ ಅರ್ಥವಾಗಬೇಕಾದರೆ ಈ ಗಾಜು ಕಪ್ಪಾಗುವ ಬಗೆಯನ್ನು ಸ್ವಲ್ಪ ತಿಳಿಯಬೇಕು. 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ ರೂಪಿಸಿದ ಮೊದಲ ಗಾಜುಗಳಲ್ಲಿ ಬೆಳ್ಳಿಯ ಲವಣದ ಅತಿ ಸಣ್ಣ ಹರಳುಗಳು ಈ ಕೆಲಸ ಮಾಡುತ್ತಿದ್ದವು. ಆದರೆ ಅದು ನಿಜವಾದ ಗಾಜು, ಒಡೆದರೆ ಚೂರಾಗುವಂಥದು. ಮುಖದ ಮುಂದಿನ ವೈಸರಿಗೆ ಅದು ಸಲ್ಲದು. 1990ರ ದಶಕದಿಂದ ಪ್ಲಾಸ್ಟಿಕ್ ಗಾಜುಗಳಲ್ಲಿ ಬಳಕೆಗೆ ಬಂದದ್ದು ಕಾರ್ಬನ್ ಆಧಾರಿತ ಬಣ್ಣದ ಅಣುಗಳು, ನ್ಯಾಫ್ಥೋಪೈರಾನ್ ಎಂಬ ಕುಟುಂಬದವು ಅವುಗಳಲ್ಲಿ ಮುಖ್ಯ. ನೆರಳಿನಲ್ಲಿ ಈ ಅಣುವಿನ ಒಂದು ಉಂಗುರ ಮುಚ್ಚಿರುತ್ತದೆ, ಆಗ ಅದಕ್ಕೆ ಬಣ್ಣವಿಲ್ಲ. ಅತಿನೇರಳೆ ಕಿರಣ ತಾಗಿದಾಗ ಉಂಗುರದಲ್ಲಿನ ಕಾರ್ಬನ್–ಆಮ್ಲಜನಕ ಬಂಧವೊಂದು ಕಳಚಿ, ಅಣು ಹರಡಿ ಚಪ್ಪಟೆಯಾಗುತ್ತದೆ. ಹಾಗೆ ಹರಡಿದ ಅಣು ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಳ್ಳುತ್ತದೆ. ಮತ್ತೆ ಮುಚ್ಚಿಕೊಳ್ಳಲು ಅದಕ್ಕೆ ಮುಖ್ಯವಾಗಿ ಬೇಕಾದದ್ದು ಶಾಖ. ಅಂದರೆ ಬಿಸಿಲಿನಲ್ಲಿರುವ ವೈಸರಿನೊಳಗೆ ಎರಡು ಕೆಲಸಗಳು ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ: ಕಿರಣ ತೆರೆಯುತ್ತಿರುತ್ತದೆ, ಶಾಖ ಮುಚ್ಚುತ್ತಿರುತ್ತದೆ. ನಮಗೆ ಕಾಣುವ ಕಪ್ಪು ಇವೆರಡರ ನಡುವಿನ ಹೊಂದಾಣಿಕೆ. ಈ ಬಣ್ಣವಿರುವುದು ವೈಸರಿನ ಪ್ಲಾಸ್ಟಿಕ್ಕಿನ ಮೇಲಿನ ಪದರದಲ್ಲಿ ಆದ್ದರಿಂದ ಬಿಸಿಲು ಅದನ್ನು ನೇರವಾಗಿಯೇ ತಾಗುತ್ತದೆ; ಕನ್ನಡಕಕ್ಕಿದ್ದ ಅಡ್ಡಿ ಇದಕ್ಕಿಲ್ಲ.

ಅಳತೆಗೆ ನಾನು ಬಳಸಿದ್ದು ಮೊಬೈಲಿನ ಬೆಳಕು ಅಳೆಯುವ ಆ್ಯಪ್. ವೈಸರ್ ಅಡ್ಡ ಹಿಡಿದಾಗ ಮತ್ತು ತೆಗೆದಾಗ ಬಂದ ಅಂಕಿಗಳ ಅನುಪಾತ. ಇದು ಪ್ರಯೋಗಾಲಯದ ಅಳತೆಯಲ್ಲ, ಅಂದಾಜು. ಅಂಗಡಿಯೊಳಗೆ ವೈಸರ್ ಶೇ 80ಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಬಿಡುತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ನೆರಳಿನಲ್ಲಿಯೇ 40 ಡಿಗ್ರಿ ಇದ್ದ ದಿನ, ಅದು ಹೆಚ್ಚೆಂದರೆ ಅರ್ಧದಷ್ಟು ಕಪ್ಪಾಯಿತು. ಜನವರಿಯ ಒಂದು ತಂಪು ಬೆಳಿಗ್ಗೆ, ಏಪ್ರಿಲ್ಲಿಗಿಂತ ಮೆತ್ತಗಿನ ಬಿಸಿಲಿನಲ್ಲಿ, ಬೆಳಕಿನ ಮೂರನೆಯ ಒಂದು ಪಾಲನ್ನಷ್ಟೇ ಬಿಟ್ಟಿತು. ಗಿರಾಕಿಗಳಿಗೆ ಇದು ತಿರುಗುಮುರುಗು ಎನಿಸುತ್ತದೆ, ಉರಿಬಿಸಿಲಿಗೆ ಕಡಿಮೆ ಕಪ್ಪು, ಎಳೆಬಿಸಿಲಿಗೆ ಹೆಚ್ಚು ಕಪ್ಪು. ಆದರೆ ಮೇಲೆ ಹೇಳಿದ ಶಾಖದ ಕೆಲಸವನ್ನು ನೆನೆದರೆ ಹೀಗಲ್ಲದೆ ಬೇರೆ ಆಗಲು ಸಾಧ್ಯವಿಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಗೆ ಈ ವೈಸರ್ ತನ್ನ ಪೂರ್ಣ ಶಕ್ತಿಯನ್ನು ಎಂದೂ ತೋರಿಸುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ಸಂಜೆ. ಇಡೀ ಪ್ರಕರಣ ನಿಂತಿರುವುದು ಈ ಒಂದು ಗಂಟೆಯ ಮೇಲೆ. ಬೆಳಗಾವಿ–ರಾಯಚೂರು ರಸ್ತೆಯ ಈ ಭಾಗ ಹೆಚ್ಚುಕಡಿಮೆ ನೇರ ಪೂರ್ವ–ಪಶ್ಚಿಮವಾಗಿದೆ. ಬಾಗಲಕೋಟೆಯಿಂದ ಲೋಕಾಪುರ ನೆಟ್ಟಗೆ ಪಡುವಣಕ್ಕಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವ ಜಾಗ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕಿರುತ್ತದೆ, ಅಂದರೆ ಸವಾರನ ಎಡಗಣ್ಣಿನ ಓರೆಗೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೂರನೆಯ ವಾರದ ಹೊತ್ತಿಗೆ ಅದು ರಸ್ತೆಯ ತುದಿಗೇ ಬಂದು ಕೂರುತ್ತದೆ. ಇವರು ಮೊದಲ ಬಾರಿ ಸೆಪ್ಟೆಂಬರ್ ಕೊನೆಗೆ ಬಂದದ್ದು ಕಾಕತಾಳೀಯವಾಗಿರಲಿಲ್ಲ. ಮಾರ್ಚ್ 20ರ ಸುಮಾರಿಗೆ ಇಲ್ಲಿ ಸೂರ್ಯಾಸ್ತ ಆರೂವರೆ ದಾಟಿದ ಮೇಲೆ. ಐದೂವರೆಗೆ ಹೊರಟವರ ಎದುರು ಸೂರ್ಯ 15–16 ಡಿಗ್ರಿ ಎತ್ತರದಲ್ಲಿರುತ್ತಾನೆ, ಮನೆ ತಲುಪುವ ಹೊತ್ತಿಗೆ ರಸ್ತೆಯ ಮಟ್ಟಕ್ಕೆ ಇಳಿದಿರುತ್ತಾನೆ. ಇಡೀ ಪ್ರಯಾಣ ಅವನ ಮುಖ ನೋಡಿಕೊಂಡೇ. ಮನೆ ಪೂರ್ವಕ್ಕೂ ಕಚೇರಿ ಪಶ್ಚಿಮಕ್ಕೂ ಇದ್ದಿದ್ದರೆ ಇದೇ ಸಂಜೆ ಬಿಸಿಲು ಬೆನ್ನಿಗೆ ಬೀಳುತ್ತಿತ್ತು, ಈ ಬರಹ ಬೇಕಾಗುತ್ತಿರಲಿಲ್ಲ.

ಆ ಮಾರ್ಚ್ ಸಂಜೆಗಳಲ್ಲಿ ವೈಸರ್ ಏನು ಮಾಡಿತು ಎಂಬುದನ್ನು ನೋಡಲು ನಾನು ಒಮ್ಮೆ ಅವರ ಜೊತೆಗೇ ಕಲಾದಗಿಯವರೆಗೆ ಹೋದೆ. ಆರು ಗಂಟೆ ದಾಟಿತ್ತು. ಬದಿಗೆ ನಿಂತು ಅಳೆದಾಗ ವೈಸರ್ ಶೇ 60ಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತಿತ್ತು, ನಡುಹಗಲಿನಲ್ಲಿ ಆದಷ್ಟೂ ಕಪ್ಪಾಗಿರಲಿಲ್ಲ. ಸೂರ್ಯ ಮಾತ್ರ ಕಣ್ಣು ಬಿಡಲಾಗದಷ್ಟು ಉರಿಯುತ್ತಿದ್ದ. ಕಾರಣ ಸರಳ. ಕೆಳಗಿಳಿದ ಸೂರ್ಯನ ಕಿರಣ ನಮ್ಮನ್ನು ತಲುಪುವ ಮೊದಲು ವಾತಾವರಣದೊಳಗೆ ಬಹಳ ಉದ್ದದ ದಾರಿ ಸವೆಸಬೇಕು, ಮತ್ತು ಆ ದಾರಿಯಲ್ಲಿ ಅತಿನೇರಳೆ ಕಿರಣವೇ ಎಲ್ಲಕ್ಕಿಂತ ಹೆಚ್ಚು ಚೆದುರಿಹೋಗುತ್ತದೆ. ಕೆಂಪು, ಹಳದಿ ಉಳಿದು ಕಣ್ಣು ಕುಕ್ಕುತ್ತವೆ. ವೈಸರನ್ನು ಕಪ್ಪಾಗಿಸಬೇಕಾದ ಕಿರಣ ಕ್ಷೀಣಿಸಿರುತ್ತದೆ. ಸವಾರನಿಗೆ ಕಪ್ಪು ಬೇಕಾದ ಗಳಿಗೆ ಒಂದು, ವೈಸರಿಗೆ ಕಪ್ಪಾಗಲು ಒದಗುವ ಗಳಿಗೆ ಇನ್ನೊಂದು. ಈ ಮಾತನ್ನು ವೈಸರ್ ಮಾರುವ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ, ಬರೆಯಬೇಕು ಎಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಾಗಾದರೆ ಹಣ ವ್ಯರ್ಥವಾಯಿತೇ? ಇಲ್ಲ, ಮತ್ತು ಇದನ್ನು ನಾನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಅದೇ ಸಂಜೆ ಸೂರ್ಯ ಮುಳುಗಿ ಸುಮಾರು ಹತ್ತು ನಿಮಿಷಕ್ಕೆ ವೈಸರ್ ಮತ್ತೆ ಹೆಚ್ಚುಕಡಿಮೆ ಬಿಳಿಯಾಗಿತ್ತು. ಸಂಜೆಗೆ ಪೂರ್ತಿ ಕಪ್ಪಾಗದೆ ಉಳಿದದ್ದು ಇಲ್ಲಿ ಅನುಕೂಲಕ್ಕೇ ಬಂತು, ಏಕೆಂದರೆ ಮರಳಬೇಕಾದ ದಾರಿ ಚಿಕ್ಕದಾಗಿತ್ತು. ಬೆಚ್ಚಗಿನ ಹವೆಯೂ ಆ ಮರಳುವಿಕೆಯನ್ನು ಚುರುಕುಗೊಳಿಸಿತ್ತು. ಕಬ್ಬಿನ ಟ್ರೇಲರ್ ಎದುರಾಗುವ ಆ ಮಬ್ಬುಗತ್ತಲೆಯಲ್ಲಿ ಅವರ ಕಣ್ಣ ಮುಂದಿದ್ದದ್ದು ಬಿಳಿ ವೈಸರ್, ಅದೂ ಮುಚ್ಚಿದ ವೈಸರ್. ಸ್ಮೋಕ್ ವೈಸರ್ ಹಾಕಿಕೊಂಡವರಿಗೆ ಹೊತ್ತು ಮುಳುಗಿದ ಮೇಲೆ ಇರುವುದು ಎರಡೇ ದಾರಿ: ಮುಚ್ಚಿಕೊಂಡು ಕುರುಡಾಗುವುದು, ಇಲ್ಲವೇ ಎತ್ತಿಕೊಂಡು ಧೂಳು, ಹುಳುಗಳಿಗೆ ಕಣ್ಣು ಕೊಡುವುದು. ಘಟಪ್ರಭೆಯ ಕಾಲುವೆ ನೀರು ಹರಿಯುವ ಹೊಲಗಳ ನಡುವೆ ಮಳೆಗಾಲದ ಸಂಜೆ ವೈಸರ್ ಎತ್ತಿ ಓಡಿಸಿದವರಿಗೆ ಆ ಹುಳುಗಳ ಕಾಟ ಗೊತ್ತಿದೆ. ಬದಲಾಗುವ ವೈಸರಿನ ನಿಜವಾದ ಉಪಕಾರ ಬಿಸಿಲನ್ನು ತಡೆಯುವುದರಲ್ಲಿ ಅಷ್ಟಿಲ್ಲ. ಕೈ ಹಚ್ಚದೆ, ನೆನಪಿಡದೆ, ಕತ್ತಲಿನ ಹೊತ್ತಿಗೆ ತಾನು ದಾರಿಯಿಂದ ಸರಿದು ನಿಲ್ಲುವುದರಲ್ಲಿದೆ. ಚಳಿಗಾಲದಲ್ಲಿ ಬಿಳಿಯಾಗುವುದು ನಿಧಾನ ಎಂಬುದನ್ನೂ ಹೇಳಬೇಕು. ಜನವರಿಯಲ್ಲಿ ಅದಕ್ಕೆ ಇನ್ನೂ ಹೆಚ್ಚು ನಿಮಿಷ ಹಿಡಿಯುತ್ತಿತ್ತು ಎಂದು ಅವರು ಹೇಳಿದರು. ಸೇತುವೆಯ ಕೆಳಗೆ, ದಟ್ಟ ಮರಗಳ ನೆರಳಿಗೆ ಒಮ್ಮೆಲೇ ನುಗ್ಗಿದಾಗ ವೈಸರ್ ಅಷ್ಟು ಬೇಗ ಬದಲಾಗುವುದಿಲ್ಲ, ಅಲ್ಲಿ ವೇಗ ತಗ್ಗಿಸುವುದೊಂದೇ ಉಪಾಯ. ದ್ರವಸ್ಫಟಿಕದ (ಎಲ್‌ಸಿಡಿ) ವೈಸರ್‌ಗಳು ವಿದ್ಯುತ್ತಿನಿಂದ ಕ್ಷಣದೊಳಗೆ ಬದಲಾಗುತ್ತವೆ, ಅವಕ್ಕೆ ಯುವಿ ಬೇಕಿಲ್ಲ, ಶಾಖದ ತಕರಾರೂ ಕಡಿಮೆ. ಇಟಲಿಯ ಎಜಿವಿ ಸಂಸ್ಥೆ ಗುಂಡಿ ಒತ್ತಿದರೆ ಕಪ್ಪಾಗುವ ಅಂಥದೊಂದನ್ನು ಮಾಡಿದೆ. ಆದರೆ ಚಾರ್ಜ್ ಮಾಡಬೇಕಾದ, ದುಬಾರಿಯಾದ ಆ ವಸ್ತುವನ್ನು ದಿನಕ್ಕೆ 80 ಕಿಲೋಮೀಟರ್ ಧೂಳು ತಿನ್ನುವ ಹೆಲ್ಮೆಟ್ಟಿಗೆ ಸೂಚಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾದರೆ ಎದುರಿನ ಸೂರ್ಯನಿಗೆ ಮಾಡಿದ್ದೇನು? ಖರ್ಚು ಅತ್ಯಂತ ಕಡಿಮೆಯಾದ ಉಪಾಯವೇ ಹೆಚ್ಚು ಫಲ ಕೊಟ್ಟಿತು. ವೈಸರಿನ ಮೇಲಂಚಿಗೆ, ಎರಡು ಬೆರಳಿನ ಅಗಲಕ್ಕೆ, ಬೆಳಕು ಹಾಯದ ಕಪ್ಪು ಪಟ್ಟಿ ಅಂಟಿಸಿದೆವು. ಬಿಸಿಲಿಗೆ ಹಣೆಯ ಮೇಲೆ ಅಂಗೈ ಹಿಡಿಯುವುದಿಲ್ಲವೇ, ಹಾಗೆ; ತಲೆಯನ್ನು ತುಸು ಬಾಗಿಸಿದರೆ ಸೂರ್ಯ ಪಟ್ಟಿಯ ಹಿಂದೆ ಮರೆಯಾಗುತ್ತಾನೆ, ರಸ್ತೆ ಕೆಳಗೆ ನಿಚ್ಚಳವಾಗಿ ಉಳಿಯುತ್ತದೆ. ಬಣ್ಣ ಸೂರ್ಯನನ್ನೂ ರಸ್ತೆಯನ್ನೂ ಒಂದೇ ಸಮನೆ ಮಬ್ಬಾಗಿಸಿದರೆ, ಪಟ್ಟಿ ಸೂರ್ಯನನ್ನು ಮಾತ್ರ ತೆಗೆಯುತ್ತದೆ. ಸೂರ್ಯ ಏಳೆಂಟು ಡಿಗ್ರಿಗಿಂತ ಕೆಳಗಿಳಿದ ಮೇಲೆ ಪಟ್ಟಿಯೂ ಸೋಲುತ್ತದೆ, ತಲೆಯನ್ನು ಅಷ್ಟು ಬಾಗಿಸಿದರೆ ದೂರದ ರಸ್ತೆಯೇ ಮುಚ್ಚಿಹೋಗುತ್ತದೆ. ಆ ಕೊನೆಯ ಅರ್ಧ ಗಂಟೆಗಾಗಿ ಮಾರ್ಚ್ ಮತ್ತು ಸೆಪ್ಟೆಂಬರಿನ ಕೆಲವು ವಾರಗಳಲ್ಲಿ ಅವರು ಕಲಾದಗಿಯಲ್ಲಿ ಇಳಿದು, ಚಹಾ ಕುಡಿದು, ಹೊತ್ತು ಮುಳುಗಿದ ಮೇಲೆ ನಿಧಾನವಾಗಿ ಹೊರಡುವುದನ್ನು ರೂಢಿ ಮಾಡಿಕೊಂಡರು. ಮನೆಯವರು ಮೊದಲು ತಕರಾರು ಮಾಡಿದರಂತೆ, ಆಮೇಲೆ ಅವರೇ ಫೋನ್ ಮಾಡಿ ನಿಂತಿರಾ ಎಂದು ಕೇಳತೊಡಗಿದರು.

ಒರೆಸುವ ಕ್ರಮವನ್ನೂ ಬದಲಿಸಿದೆವು. ಮೊದಲು ಧಾರಾಳ ನೀರು ಹಾಕಿ ಧೂಳನ್ನು ಇಳಿಸುವುದು, ನಂತರ ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ ಅಂಟಿದ ಹುಳುಗಳನ್ನು ನೆನೆಯಲು ಬಿಡುವುದು, ಆಮೇಲೆ ಒತ್ತಡವಿಲ್ಲದೆ ಒರೆಸುವುದು. ಪೆಟ್ರೋಲ್ ಹಚ್ಚಿ ಒರೆಸುವ ರೂಢಿ ನಮ್ಮಲ್ಲಿ ಹಲವರಿಗಿದೆ. ಪಾಲಿಕಾರ್ಬನೇಟ್ ಅದರಿಂದ ಒಳಗೊಳಗೇ ಬಿರುಕು ಬಿಡುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಬಣ್ಣದ ಅಣುಗಳು ತೆರೆದು ಮುಚ್ಚುವ ಆಟದಲ್ಲಿ ಮೆಲ್ಲಗೆ ಸವೆಯುತ್ತವೆ ಎಂಬುದು ನನಗೆ ಗೊತ್ತಿತ್ತು. ಆದರೂ ಒಂದು ವಿಷಯ ವರ್ಷದ ನಡುವಿನಲ್ಲಿ ಮಾತ್ರ ಗಮನಕ್ಕೆ ಬಂತು. ಕಚೇರಿಯ ನಿಲುಗಡೆಯಲ್ಲಿ ಅವರು ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗುಹಾಕಿ ಹೋಗುತ್ತಿದ್ದರು. ದಿನಕ್ಕೆ ಎರಡು ಗಂಟೆ ಕಣ್ಣಿಗಾಗಿ ದುಡಿಯಬೇಕಾದ ವೈಸರ್ ಎಂಟು ಗಂಟೆ ಯಾರಿಗೂ ಅಲ್ಲದೆ ಬಿಸಿಲಿನಲ್ಲಿ ಕಪ್ಪಾಗಿ ನಿಂತಿರುತ್ತಿತ್ತು, ಅಷ್ಟೂ ಹೊತ್ತು ಅದರ ಆಯುಷ್ಯ ಖರ್ಚಾಗುತ್ತಿತ್ತು. ಅಂದಿನಿಂದ ಹೆಲ್ಮೆಟ್ ಬಟ್ಟೆಯ ಚೀಲದೊಳಗೆ ಸೇರಿ ಮೇಜಿನ ಕೆಳಗೆ ಹೋಯಿತು.

ವೈಸರ್ ಇನ್ನೂ ಬದುಕಿದೆಯೇ ಎಂದು ನೋಡಲು ನಾವು ಬಳಸುವುದು ನಾಣ್ಯದ ಪರೀಕ್ಷೆ. ಹತ್ತು ರೂಪಾಯಿಯ ನಾಣ್ಯವನ್ನು ವೈಸರಿನ ಮೇಲೆ ಅಂಟಿಸಿ ಎರಡು ನಿಮಿಷ ಬಿಸಿಲಿಗೆ ಹಿಡಿದು ತೆಗೆದರೆ, ಸುತ್ತ ಕಪ್ಪಾಗಿ ನಾಣ್ಯವಿದ್ದಲ್ಲಿ ಬಿಳಿಯ ವೃತ್ತ ಉಳಿಯಬೇಕು. ಬದಲಾಗುವ ವೈಸರ್ ಎಂದು ಹೇಳಿ ಸಾದಾ ಬಣ್ಣದ್ದನ್ನು ಅಥವಾ ಮರ್ಕ್ಯುರಿ ಎಂದು ಕರೆಯುವ, ಕನ್ನಡಿಯಂತೆ ಹೊಳೆಯುವ ಲೇಪದ್ದನ್ನು ಮಾರುವವರ ಮುಂದೆಯೂ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಅಂಥದರಲ್ಲಿ ವೃತ್ತ ಮೂಡುವುದೇ ಇಲ್ಲ. ಎರಡನೆಯ ವರ್ಷದ ಜನವರಿಯಲ್ಲಿ ಇವರ ವೈಸರಿನ ಮೇಲೆ ವೃತ್ತ ಮೂಡಿತು, ಆದರೆ ಮೊದಲ ಜನವರಿಯಷ್ಟು ಸ್ಪಷ್ಟವಾಗಿರಲಿಲ್ಲ, ಮತ್ತು ಬಿಳಿಯಾದಾಗ ತೆಳುವಾದ ಹಳದಿ ಛಾಯೆಯೊಂದು ಉಳಿದಿತ್ತು. ಇನ್ನೊಂದು ಚಳಿಗಾಲ ತಡೆಯಬಹುದು ಎಂದೆ. ಮೇಲಂಚಿನ ಕಪ್ಪು ಪಟ್ಟಿ ಬಿಸಿಲಿಗೆ ಸುರುಳಿ ಎದ್ದಿತ್ತು. ಅದನ್ನು ಕಿತ್ತು ಹೊಸದನ್ನು ಅಂಟಿಸಿ ಕಳಿಸಿದೆ.